ತಂದೆಯವರುಟ ಜವಾರಿ ಬೀಜ

ನಿಡೋಣಿಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲು ನಮ್ಮ ಮನೆ ಬಾಗಿಲು ಬಡಿಯುತ್ತಾರೆ. ಈ ಕೀರ್ತಿ ಬಂದದ್ದು ಒಂದೇ ಒಂದು ಪವಾಡದಿಂದ. ಅಂಗಡಿ ಕಾಕಾನ ಕಂಪ್ಯೂಟರಿನ ಪರದೆ ಎರಡು ದಿನದಿಂದ ಕಪ್ಪಗೆ ಕೂತಿತ್ತು. ನಾನು ಹೋದೆ, ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕಿದೆ, ಟೇಬಲ್ಲಿನ ಕೆಳಗೆ ಬಗ್ಗಿದೆ, ತೋಲ ತಪ್ಪಿ ವೈರುಗಳ ಮೇಲೆ ಬಿದ್ದೆ. ಸಡಿಲಾಗಿದ್ದ ಪ್ಲಗ್ಗು ಆ ಏಟಿಗೆ ಒಳಗೆ ಹೋಗಿ ಕೂತಿತು, ಪರದೆ ಬೆಳಗಿತು. "ಕೈ ಹಚ್ಚಿದ ಕೂಡ್ಲೇ ಚಾಲೂ ಆತ್ ನೋಡ್ರಿ!" ಅಂತ ಕಾಕಾ ಊರೆಲ್ಲ ಸಾರಿದ. ಹಚ್ಚಿದ್ದು ಕೈಯಲ್ಲ, ಬೆನ್ನು ಅಂತ ನಾನು ಬಿಡಿಸಿ ಹೇಳಲಿಲ್ಲ. ನೀವಿದ್ದರೂ ಹೇಳುತ್ತಿರಲಿಲ್ಲ.

ಆ ಕೀರ್ತಿಯ ಅಮಲಿನಲ್ಲೇ ಈ ಕೆಲಸಕ್ಕೆ ಕೈ ಹಾಕಿದ್ದು. ನಮ್ಮಪ್ಪ ಇಪ್ಪತ್ತು ವರ್ಷದ ಹಿಂದೆ ಒಂದು ನೋಟ್‌ಬುಕ್ಕಿನಲ್ಲಿ ಊರಿನ ಬೀಜ, ಬಾವಿ, ಎತ್ತು, ಹಿಂಗಾರಿ ಜೋಳ ಎಲ್ಲವನ್ನೂ ಕುರಿತು ಬರೆದಿಟ್ಟಿದ್ದ. ಆಗಲೇ ನಾನು ಅದನ್ನು 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿ ಇಟ್ಟಿದ್ದೆ. ಪುಣೆ, ಸೊಲ್ಲಾಪುರ, ಬೆಂಗಳೂರು ಅಂತ ಚೆದುರಿಹೋದ ಬಳಗ ಓದಲಿ, ಇಂಟರ್‌ನೆಟ್ಟಿಗೆ ಏರಿಸೋಣ ಅಂತ ಹುಕಿ ಬಂತು. ಬೆಂಗಳೂರಿನ ಅಳಿಯ ಫೋನಿನಲ್ಲಿ ಉಪಾಯ ಹೇಳಿಕೊಟ್ಟ: "ಸ್ಟ್ಯಾಟಿಕ್ ಸೈಟ್ ಮಾಡ್ರಿ ಮಾವ. ಹಿಂದ ಡೇಟಾಬೇಸ್ ಇಲ್ಲ, ಪ್ರೋಗ್ರಾಮ್ ಇಲ್ಲ. ಬರದಿಟ್ಟ ಪುಟ ಬರದಂಗೇ ಇರ್ತಾವ. ಕೆಡೋ ಅಂಥಾದ್ದು ಅದರಾಗ ಏನೂ ಇರಂಗಿಲ್ಲ." ಮಾತು ಖರೆ. ಕೆಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೆಡಿಸುವವನು ಹೊರಗೆ ಕೂತಿದ್ದ.

ಹಳೇ ಪೆನ್‌ಡ್ರೈವ್ ಹುಡುಕಿ, ಹೊಸ ಲ್ಯಾಪ್‌ಟಾಪಿಗೆ ಸಿಗಿಸಿ ಫೈಲು ತೆರೆದರೆ ಒಂದಕ್ಷರ ಕನ್ನಡವಿಲ್ಲ. 'ಕ' ಇರಬೇಕಾದಲ್ಲೆಲ್ಲ ಇಂಗ್ಲಿಷಿನ ದೊಡ್ಡ ಪಿ, 'ನ' ಇರಬೇಕಾದಲ್ಲೆಲ್ಲ ಬ್ರಿಟಿಷರ ಪೌಂಡ್ ಗುರುತು. ಹಿಂದೆ ನಿಂತು ನೋಡುತ್ತಿದ್ದ ಅವ್ವ, "ಇದೇನ್ ಸಾಲದ ಲೆಕ್ಕೇನು?" ಅಂದಳು. ವೈರಸ್ ಅಂತ ತೀರ್ಪು ಕೊಟ್ಟು ಅರ್ಧ ದಿನ ಸ್ಕ್ಯಾನ್ ಮಾಡಿಸಿದೆ. ಆಮೇಲೆ ತಿಳಿದದ್ದು ಇಷ್ಟು: ನುಡಿಯ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು, ಫಾಂಟು ಇಲ್ಲದ ಕಡೆ ಮನೆ ಮಾಲೀಕ ಹೊರಗೆ ಬಂದು ನಿಲ್ಲುತ್ತಾನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ 128 ಖೋಲಿಗಳ ಸ್ವಂತ ಮನೆ ಇದೆ. ನಮ್ಮಪ್ಪನ ಬರಹ ಮಾತ್ರ ಇನ್ನೂ ಬಾಡಿಗೆ ಮನೆಯಲ್ಲಿತ್ತು. ಪರಿವರ್ತಕದಲ್ಲಿ ಹಾಕಿ ತಿರುಗಿಸಿದೆ, ಕನ್ನಡ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ನೋಟ್‌ಪ್ಯಾಡಿನಲ್ಲಿ 'ಹುಡುಕು, ಎಲ್ಲವನ್ನೂ ಬದಲಿಸು' ಅಂತ ಒಂದು ಸೌಲಭ್ಯವಿದೆ. ಕೋತಿಯ ಕೈಗೆ ಕುಡುಗೋಲು ಕೊಟ್ಟ ಹಾಗೆ. ಅಪ್ಪ ಬರೆದಾಗ ನಮ್ಮ ಜಿಲ್ಲೆ ಬಿಜಾಪುರ, ಈಗ ವಿಜಯಪುರ. ಒಂದು ಗುಂಡಿ ಒತ್ತಿದೆ, ಎಲ್ಲಾ ಬದಲಾಯಿತು. ಮೊದಲ ಪುಟಕ್ಕೆ ನಾನೇ ಕಷ್ಟಪಟ್ಟು ಸೇರಿಸಿದ್ದ ಸಾಲೂ ಬದಲಾಯಿತು: "2014ರ ನವೆಂಬರ್ 1ರಂದು ವಿಜಯಪುರಕ್ಕೆ ವಿಜಯಪುರ ಎಂದು ಹೆಸರಿಡಲಾಯಿತು."

ಇದಕ್ಕೆ ನಕ್ಕು ಸುಮ್ಮನಾಗಬೇಕಿತ್ತು. ಆದರೆ ಅಪ್ಪ ತನ್ನ ಅಪ್ಪನನ್ನು ಬರಹದ ತುಂಬ ಬರೀ 'ಅಪ್ಪ' ಅಂತ ಬರೆದಿದ್ದ. ಜಗತ್ತೇ ಓದುವ ಜಾಗದಲ್ಲಿ ನಮ್ಮ ಮುತ್ಯಾನಿಗೆ ಮರ್ಯಾದೆ ಬೇಡವೇ? 'ಅಪ್ಪ' ಇದ್ದಲ್ಲೆಲ್ಲ 'ತಂದೆಯವರು' ಅಂತ ಬದಲಿಸಿದೆ. ಕಂಪ್ಯೂಟರಿಗೆ ಸಂಬಂಧ ಗೊತ್ತಾಗುವುದಿಲ್ಲ ನೋಡ್ರಿ, ಅಕ್ಷರ ಮಾತ್ರ ಗೊತ್ತು. ಊರ ಹಿರಿಯರ ಅಪ್ಪಣೆ 'ತಂದೆಯವರುಣೆ' ಆಯಿತು. ಅಪ್ಪಟ ಜವಾರಿ ಬೀಜ 'ತಂದೆಯವರುಟ ಜವಾರಿ ಬೀಜ' ಆಯಿತು. ಮುತ್ಯಾ ಮಾರಿದ ಎತ್ತಿನ ಕೊರಳನ್ನು ಅಪ್ಪಿಕೊಂಡು ಅತ್ತ ಪ್ರಸಂಗವೊಂದಿತ್ತು, ಓದಿದರೆ ಕಣ್ಣು ತುಂಬುವಂಥದ್ದು. ಅಲ್ಲಿ ಈಗ ತಂದೆಯವರು ನಿಂತಿದ್ದರು, ಪಕ್ಕದಲ್ಲಿ ಆಸರೆ ಕಳೆದುಕೊಂಡ ಗುಡಿಸೊಂದು ಚುಕ್ಕೆಚುಕ್ಕೆಯ ಬಳೆಗೆ ಜೋತು ಬಿದ್ದಿತ್ತು.

ಇವು ಯಾವುವೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು 'ಅಪ್ಪನ' ಹೋಗಿ 'ತಂದೆಯವರುನ' ಆದದ್ದು ಮಾತ್ರ. ಅದನ್ನು ಸರಿಪಡಿಸಲು ತಲೆ ಓಡಿಸಿದೆ: 'ರುನ' ಇದ್ದಲ್ಲೆಲ್ಲ ಬರೀ 'ರ' ಹಾಕಿದರೆ? ಹಾಕಿದೆ. ತಂದೆಯವರ, ತಂದೆಯವರಿಗೆ! ಪಾಣಿನಿಗೂ ಹೊಳೆಯದ ಸೂತ್ರ ಹೊಳೆಯಿತು ಅಂತ ಎದ್ದು ಒಂದು ಸುತ್ತು ಪಡಸಾಲೆಯಲ್ಲಿ ಓಡಾಡಿ ಬಂದೆ. ಅದೇ ಸಂಭ್ರಮದಲ್ಲಿ, ಎರಡೂ ಕಡೆ ಒಂದೇ ಇರಲಿ ಅಂತ ಹೊಸ ಫೈಲನ್ನು ಪೆನ್‌ಡ್ರೈವಿನ ಹಳೇ ಫೈಲಿನ ಮೇಲೇ ಉಳಿಸಿದೆ. "ಹಳೆಯದರ ಬದಲು ಇದನ್ನೇ ಇಡಲೇ?" ಅಂತ ಕಂಪ್ಯೂಟರ್ ಕೇಳಿತು. ಅದರ ಜನ್ಮದಲ್ಲಿ ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದು. ಹೌದು ಅಂದೆ.

ಪುಟಗಳನ್ನು ಏರಿಸಿ, ಬಳಗಕ್ಕೆಲ್ಲ ಕೊಂಡಿ ಕಳಿಸಿದೆ. ಮೊದಲ ಫೋನು ಪುಣೆಯ ಅಕ್ಕನದು. "ಇದು ಯಾವ ಭಾಷಾನೋ ತಮ್ಮಾ?" ನೋಡಿದರೆ ಪುಟದ ತುಂಬ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅದರ ಹೆಗಲ ಮೇಲೆ ಪುಟ್ಟದೊಂದು 2, ಕೆಲವು ಕಡೆ 3. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರ ಮೂರು ಬೈಟಿನ ಗಂಟು. ಇದು ಯಾವ ಲಿಪಿಸಂಕೇತ ಅಂತ ಪುಟದ ತಲೆಯಲ್ಲಿ ಒಂದು ಸಾಲು ಬರೆಯದಿದ್ದರೆ ಬ್ರೌಸರ್ ಗಂಟು ಬಿಚ್ಚಿ ಮೂರನ್ನೂ ಬೇರೆ ಬೇರೆ ಹರಡಿಬಿಡಬಹುದು. 'ಕ'ಕಾರದಂಥ ಅಕ್ಷರಗಳಿಗೆ 2, ಕೊಂಬು ಒತ್ತುಗಳಿಗೆ 3. ಆ ಒಂದು ಸಾಲು ಬಿಟ್ಟವನು ನಾನೇ. ಅಕ್ಕನಿಗೆ ಮಾತ್ರ, "ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ ನೋಡಕ್ಕ" ಅಂದೆ.

ಆ ಸಾಲು ಹಾಕಿದ ಮೇಲೆ ಫೋಟೋ ಕಾಣುವುದಿಲ್ಲ ಅಂತ ಸೊಲ್ಲಾಪುರದಿಂದ ದೂರು. ನನ್ನ ಲ್ಯಾಪ್‌ಟಾಪಿನಲ್ಲಿ ಅಪ್ಪನ ರುಮಾಲಿನ ನೆರಿಗೆ ಸಮೇತ ಕಾಣುತ್ತಿತ್ತು. ಹನ್ನೊಂದು ಮಂದಿಗೆ ಹನ್ನೊಂದು ಸಲ ಫೋನು ಆಫ್ ಮಾಡಿ ಆನ್ ಮಾಡಲು ಹೇಳಿದೆ, ಇಬ್ಬರಿಗೆ ಹೊಸ ಫೋನು ಕೊಳ್ಳಲು ಸಲಹೆಯನ್ನೂ ಕೊಟ್ಟೆ. ಕಡೆಗೆ ಅಳಿಯ ಮೆತ್ತಗೆ ಹೇಳಿದ: "ಮಾವ, ಫೋಟೋದ ವಿಳಾಸ ನಿಮ್ಮ ಸಿ ಡ್ರೈವಿಂದು ಕೊಟ್ಟೀರಿ. ಅದನ್ನ ನೋಡಬೇಕಂದ್ರ ಎಲ್ಲಾರೂ ನಿಡೋಣಿಗೇ ಬರಬೇಕಾಗ್ತದ."

ಅವರು ಬಂದೂಬಿಟ್ಟರು. ಫೋಟೋಕ್ಕಲ್ಲ, ಜಾತ್ರೆಗೆ. ಮನೆ ತುಂಬ ಮಂದಿ ಕೂತಾಗ ಅಳಿಯ ಪಡಸಾಲೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದ. ಅಪ್ಪ ಕನ್ನಡಕ ಏರಿಸಿಕೊಂಡು, ತನ್ನ ಬರಹವನ್ನು ತಾನೇ ದೊಡ್ಡ ದನಿಯಲ್ಲಿ ಓದತೊಡಗಿದ. ತಂದೆಯವರುಣೆ ಬಂತು, ತಡವರಿಸಿದ. ತಂದೆಯವರುಟ ಬಂತು, ಕನ್ನಡಕ ಒರೆಸಿಕೊಂಡ. ಆಮೇಲೆ "ಕರಾಡಿನ ಜೋಳ" ಅಂತ ಓದಿ ನಿಂತೇಬಿಟ್ಟ. ಅಪ್ಪ ಬರೆದದ್ದು "ಕರುನಾಡಿನ ಜೋಳ". ನನ್ನ ಸೂತ್ರ 'ರುನ'ವನ್ನು ಅಲ್ಲಿಯೂ ನುಂಗಿ, ಒಂದೇ ಏಟಿಗೆ ನಮ್ಮ ಜೋಳವನ್ನು ಮಹಾರಾಷ್ಟ್ರಕ್ಕೆ ದಾಟಿಸಿತ್ತು. ಗಡಿ ಜಗಳದಲ್ಲಿ ಯಾರಿಂದಲೂ ಆಗದ್ದು ನನ್ನಿಂದ ಆಯಿತು.

"ಕರಾಡದಾಗ ನಂದ್ ಯಾವ ಹೊಲಾ ಐತೋ?" ಅಂದ ಅಪ್ಪ.

ಯಾರೋ ಕಿಸಕ್ಕೆಂದರು. ಗೋಳಗುಮ್ಮಟದಲ್ಲಿ ಕೂಗಿದರೆ ಏಳು ಸಲ ಮರುದನಿ ಅಂತಾರೆ. ಅವತ್ತು ನಮ್ಮ ಪಡಸಾಲೆಯಲ್ಲಿ ಆ ನಗು ಊಟದ ಎಲೆ ಎತ್ತುವ ತನಕ ಮರುದನಿಸಿತು.

ಇದೇ ವಿಜಯಪುರದಲ್ಲಿ ವಚನ ಸಂಗ್ರಾಹಕ ಫ. ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಮರುವರ್ಷವೇ 'ಶಿವಾನುಭವ' ಪತ್ರಿಕೆ ತಂದರು. ಶತಮಾನಗಳ ಕಾಲ ತಾಳೆಗರಿಯಲ್ಲಿದ್ದು, ಗೆದ್ದಲು, ಧೂಳು, ಯಾವುದರ ಕೈಗೂ ಸಿಗದೆ ವಚನಗಳು ಅವರವರೆಗೆ ಬಂದಿದ್ದವು. ಆ ವಚನಕಾರರ ಪುಣ್ಯ ದೊಡ್ಡದು, ನಡುವೆ ನಾನಿರಲಿಲ್ಲ.

ಅಪ್ಪನ ನೋಟ್‌ಬುಕ್ ಟ್ರಂಕಿನ ತಳದಲ್ಲಿ ಸಿಕ್ಕಿತು. ಮೊದಲಿನಿಂದ ಟೈಪು ಮಾಡುವುದು, ಅಪ್ಪ ಓದುವುದು ಅಂತ ತೀರ್ಮಾನವಾಯಿತು. ಮೊದಲ ಸಂಜೆಯೇ ರೊಟ್ಟಿ ತಿನ್ನುತ್ತ ಕೂತು ಶೇಂಗಾ ಹಿಂಡಿ ಕೀಲಿಮಣೆ ಮೇಲೆ ಚೆಲ್ಲಿಕೊಂಡೆ. ಹಿಂಡಿಯ ಒಂದು ಚೂರು ಎಫ್ ಕೀಲಿಯ ಕೆಳಗೆ ಹೊಕ್ಕಿತು. ಊದಿದೆ, ಬರಲಿಲ್ಲ. ಚೀಲ ಹೊಲಿಯುವ ದಬ್ಬಣ ತಂದು ಮೀಟಿದೆ. ಹಿಂಡಿ ಬಂತು, ಜತೆಗೆ ಎಫ್ ಕೀಲಿಯೂ ಟಪ್ಪೆಂದು ಹಾರಿ ಬಚ್ಚಲ ಮೋರಿ ಸೇರಿತು. ಹೋದರೆ ಹೋಗಲಿ, ಕನ್ನಡಕ್ಕೆ ಎಫ್ ಯಾಕೆ ಬೇಕು ಅಂದುಕೊಂಡೆ.

ನುಡಿಯ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸದ್ದು. ಅದರಲ್ಲಿ ಅಕ್ಷರಕ್ಕೆ ಅಕ್ಷರ ಬೆಸೆದು ಒತ್ತಕ್ಷರ ಮಾಡುವುದು ಎಫ್ ಕೀಲಿಯೇ.

ಸದ್ಯ ನಾಲ್ಕು ಪುಟ ಮುಗಿದಿದೆ, ಒಂದೂ ಒತ್ತಕ್ಷರವಿಲ್ಲ. 'ಅಪ್ಪ' ಈಗ 'ಅಪಪ' ಆಗಿದ್ದಾನೆ. ನಿಮ್ಮ ಮನೆಯ ಅಟ್ಟದಲ್ಲಿ ಇದೇ ಅಳತೆಯ ಹಳೇ ಕೀಲಿಮಣೆ ಬಿದ್ದಿದ್ದರೆ ಎಫ್ ಒಂದನ್ನು ಕಿತ್ತು ಕಳಿಸಿಕೊಡ್ರಿ. ಕೀಳುವಾಗ ದಬ್ಬಣ ಮಾತ್ರ ಬಳಸಬೇಡ್ರಿ.