ಚಿಕ್ಕಮ್ಮನ ತುರುಬಿನ ಮೇಲೆ ಮಂಗಟ್ಟೆ

ತೇಜಸ್ವಿಯವರ ಊರಿನವನು ಅಂದಮೇಲೆ ಕೊರಳಲ್ಲೊಂದು ಕ್ಯಾಮೆರಾ ಇರಲೇಬೇಕು. ನಾನೂ ನೇತುಹಾಕಿಕೊಂಡೆ. ತಕರಾರು ತೆಗೆದದ್ದು ಕಣ್ಣು. ನನ್ನ ಮುಖದಲ್ಲಿ ಎಡಗಣ್ಣಿನದೇ ಯಜಮಾನಿಕೆ. ಕಿಂಡಿಗೆ ಅದನ್ನಿಟ್ಟರೆ ಮೂಗು ಅಪ್ಪಚ್ಚಿ. ಬಲಗಣ್ಣು ತೆರೆದರೂ ಮುಚ್ಚಿದರೂ ಒಂದೇ, ಎದುರಿಗೆ ಕ್ಯಾಮೆರಾದ ಕಪ್ಪು ಬೆನ್ನು. ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾದಲ್ಲಂತೂ ರೀಲು ಸುತ್ತುವ ಕಡ್ಡಿ ಪ್ರತಿಸಲವೂ ಹುಬ್ಬಿಗೆ ತಿವಿಯುತ್ತಿತ್ತು.

ಕಳಸದ ಭಾವನ ಬಳಿ ಲೈಕಾ ಎಂ3 ಇದೆ. 1954ರಲ್ಲಿ ಬಂದ ಮಾದರಿ. ಭಾವ ಅದರಲ್ಲಿ ಫೋಟೋ ತೆಗೆದದ್ದಕ್ಕಿಂತ ಅದನ್ನು ಒರೆಸಿದ್ದೇ ಹೆಚ್ಚು. ಅದರ ಕಿಂಡಿ ನಡುವೆ ಇಲ್ಲ, ಎಡತುದಿಯಲ್ಲಿದೆ. ಬಲಗಣ್ಣಿಟ್ಟರೆ ಮೂಗು ಪಾರು, ಎಡಗಣ್ಣು ಬಯಲಿಗೆ. ಕಿಂಡಿಯ ನೋಟ ಬರಿಗಣ್ಣಿನ ನೋಟದ 0.91ರಷ್ಟು, ಹೆಚ್ಚುಕಡಿಮೆ ಸರಿಸಮ. ಎರಡೂ ಕಣ್ಣು ಬಿಟ್ಟರೆ ಲೋಕದ ಮೇಲೆ ಬೆಳಕಿನ ಚೌಕಟ್ಟೊಂದು ತೇಲುತ್ತದೆ. ಅದರೊಳಗೆ ಯಾರು ಕಾಲಿಡಲಿದ್ದಾರೆಂದು ಮೊದಲೇ ಕಾಣುತ್ತದೆ.

“ಕೋವಿ ಹಿಡಿದವರೇ ಎರಡು ಕಣ್ಣು ಬಿಡ್ತಾರೆ, ನಿನಗೇನು ಧಾಡಿ ಮಾರಾಯ?” ಎಂದರು ಭಾವ.

ಮರುದಿನವೇ ಕಣದ ಅಂಚಿಗೆ ಹೋದೆ. ಇಳಿಜಾರಿನ ಅತ್ತಿಮರದ ತಲೆ ಅಲ್ಲಿ ಕಣದ ಮಟ್ಟಕ್ಕೇ ಬರುತ್ತದೆ. ಅದರಲ್ಲೊಂದು ಮಂಗಟ್ಟೆ. ನನ್ನ ಕ್ಯಾಮೆರಾಗೆ 300 ಎಂಎಂ ಲೆನ್ಸು ಹಾಕಿ, ಬಲಗಣ್ಣಿಟ್ಟು, ಎಡಗಣ್ಣೂ ಬಿಟ್ಟೆ. ಈ ಲೆನ್ಸಿನಲ್ಲಿ ಹಕ್ಕಿ ಸುಮಾರು ಆರು ಪಟ್ಟು ಹಿಗ್ಗುತ್ತದೆ, ಲೈಕಾದ ಸರಿಸಮ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಭಾವ ಹೇಳಿರಲಿಲ್ಲ. ಬಲಗಣ್ಣಿಗೆ ಕುರಿಗಾತ್ರದ ಮಂಗಟ್ಟೆ. ಎಡಗಣ್ಣಿಗೆ ಕಣದಲ್ಲಿ ಹಲಗೆಯಿಂದ ಕಾಫಿ ಕೆದಕುತ್ತಿದ್ದ ಚಿಕ್ಕಮ್ಮ. ಪಾಪ, ಮೆದುಳು ಎರಡನ್ನೂ ಒಂದೇ ಎಲೆಗೆ ಬಡಿಸಿತು. ಹಕ್ಕಿ ಚಿಕ್ಕಮ್ಮನ ತುರುಬಿನ ಮೇಲೆ ಕೂತು, ಕೊಕ್ಕನ್ನು ಅವಳ ಕಿವಿಯೋಲೆಗೆ ಉಜ್ಜುತ್ತಿತ್ತು.

“ಅಲ್ಲಾಡಬೇಡ ಚಿಕ್ಕಮ್ಮ!”

ಮಲೆನಾಡಿನಲ್ಲಿ ಈ ಮಾತಿಗೆ ಒಂದೇ ಅರ್ಥ: ಕಾಳಿಂಗ. ಚಿಕ್ಕಮ್ಮ ಎತ್ತಿದ ಕಾಲು ಎತ್ತಿದಂತೆ, ಹಲಗೆ ಎದೆಗವಚಿ, ಬೇಲೂರಿನ ಶಿಲಾಬಾಲಿಕೆಯ ಹಾಗೆ ನಿಂತಳು. ನಾನು ಕ್ಲಿಕ್ಕಿಸಿದೆ. ಮತ್ತೆ ಕ್ಲಿಕ್ಕಿಸಿದೆ. ಎತ್ತಿದ ಕಾಲು ನಡುಗತೊಡಗಿತು.

“ಹೋಯ್ತೇನೋ?” ತುಟಿ ಅಲ್ಲಾಡಿಸದೆ ಕೇಳಿದಳು.

“ಇಲ್ಲ, ಕೂತಿದೆ.”

“ಎಲ್ಲೋ?”

“ನಿನ್ನ ತುರುಬಿನ ಮೇಲೆ.”

ಆಮೇಲೆ ಹಲಗೆ ಒಂದು ಕಡೆ, ಚಿಕ್ಕಮ್ಮ ಒಂದು ಕಡೆ, ಹಕ್ಕಿ ಇನ್ನೊಂದು ಕಡೆ. ಸಿಕ್ಕಿದ ಇಪ್ಪತ್ಮೂರು ಚಿತ್ರಗಳಲ್ಲೂ ಅತ್ತಿಯ ಕೊಂಬೆಯೊಂದು ಬಹಳ ಸ್ಪಷ್ಟವಾಗಿ ಬಂದಿದೆ.

ಸಂಜೆ ಮನೆಯವರೆಲ್ಲ ನಕ್ಕರು, ತೋಟದ ಲೆಕ್ಕ ಬರೆಯುವ ರೈಟರು ನಗಲಿಲ್ಲ. “ಕೆಳಗಿನ ತೋಟದಲ್ಲಿ ಒಂಟಿ ಸಲಗ ಇದೆ. ಅಲ್ಲಿ ಹೋಗಿ ಈ ಕಿಂಡಿಗೆ ಕಣ್ಣಿಟ್ಟು ನಿಲ್ಲಬೇಡಿ” ಎಂದರಷ್ಟೆ. ನಮ್ಮ ತಾಲೂಕಿನಲ್ಲಿ ತೋಟದ ಕೆಲಸಕ್ಕೆ ಹೋದವರು ಆನೆಗೆ ಸಿಕ್ಕು ಸತ್ತಿದ್ದಾರೆ. ಅವರ ಎರಡೂ ಕಣ್ಣು ತೆರೆದೇ ಇದ್ದವು.

ಆ ತೋಟಕ್ಕೆ ನಾನೀಗ ಕ್ಯಾಮೆರಾ ಒಯ್ಯುವುದಿಲ್ಲ. ಜಗಲಿಯಲ್ಲೇ ಕೂತು ಬಲಗಣ್ಣಿಗೆ ಪಾಠ ಹೇಳುತ್ತಿದ್ದೇನೆ; ಎಡಗಣ್ಣು ಅಧಿಕಾರ ಬಿಡುತ್ತಿಲ್ಲ. ಬಲತುದಿಯಲ್ಲಿ ಕಿಂಡಿ ಇರುವ ಕ್ಯಾಮೆರಾ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಮೂಡಿಗೆರೆಗೆ ಕಳಿಸಿ. ದುಡ್ಡು ಕಾಫಿ ಮಾರಿದ ಮೇಲೆ.