ಅಥಾತೋ ಫೀಜುಜಿಜ್ಞಾಸಾ

ವಿಷಯ

ಕಾಲೇಜು ಫೀಜನ್ನು ಹೆತ್ತವರು ಕಟ್ಟಬೇಕೋ, ಓದುವವರೇ ಕಟ್ಟಿಕೊಳ್ಳಬೇಕೋ ಎಂಬ ಪ್ರಶ್ನೆಗೆ ಪ್ರಾಚೀನ ಶಾಸ್ತ್ರಗಳಲ್ಲಿ ನೇರ ಉತ್ತರ ಸಿಗುವುದಿಲ್ಲ. ಗುರುದಕ್ಷಿಣೆ ಓದು ಮುಗಿದ ಮೇಲಿನ ಮಾತಾಗಿತ್ತು. ಅದನ್ನು ಜುಲೈನಲ್ಲಿ, ಮುಂಗಡವಾಗಿ, ಆನ್‌ಲೈನಿನಲ್ಲಿ, ತಡವಾದರೆ ದಂಡದ ಸಮೇತ ಕಟ್ಟುವ ಕ್ರಮವನ್ನು ಋಷಿಗಳು ಕನಸಿನಲ್ಲೂ ಕಂಡಿರಲಿಲ್ಲ. ಆದ್ದರಿಂದ ಈ ಶಾಸ್ತ್ರವನ್ನು ಬುನಾದಿಯಿಂದಲೇ ಎಬ್ಬಿಸಬೇಕಾಗಿದೆ.

ಅಧ್ಯಯನ ಕ್ಷೇತ್ರ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಮೊದಲಿನೆರಡು ಅತ್ತ ಹೋದವು, ಕೊನೆಯೆರಡು ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಜುಲೈ ಒಂದೇ ಆದ್ದರಿಂದ ಕ್ಷೇತ್ರದ ಅಖಂಡತೆಗೆ ಧಕ್ಕೆಯಿಲ್ಲ. ವಿಧಾನ ಮೀಮಾಂಸಕರದು: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳು. ರಸೀದಿ ಎಂಬ ಆರನೆಯ ಅಂಗವೊಂದಿದೆ. ಅದು ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಆಕರಗಳಲ್ಲಿ ಮೊದಲನೆಯದು ಹಂಪಿಯ ವಿಠ್ಠಲ ದೇವಾಲಯದ ಹತ್ತಿರ ಎರಡು ಕಂಬಗಳ ಮೇಲೆ ನಿಂತಿರುವ ಕಲ್ಲಿನ ತೊಲೆ. ಅರಸರು ವಿಶೇಷ ದಿನಗಳಲ್ಲಿ ಇಲ್ಲಿ ಚಿನ್ನಕ್ಕೆ ಸಮವಾಗಿ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದರು, ಇದು ತುಲಾಭಾರದ ಕಂಬ ಎಂದು ಇತಿಹಾಸಕಾರರು ಹೇಳುತ್ತಾರೆ. ಶುಲ್ಕಮೀಮಾಂಸಕರಿಗೆ ಇದು ನಾಡಿನ ಅತಿ ಹಳೆಯ ಫೀಜು ಕೌಂಟರಾಗಿ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಅಂದು ಒಂದು ತಟ್ಟೆಯಲ್ಲಿ ರಾಜನಿದ್ದ, ಇನ್ನೊಂದರಲ್ಲಿ ಬಂಗಾರವಿತ್ತು. ಇಂದು ತಟ್ಟೆಯಲ್ಲಿ ಅವ್ವನ ಎರಡು ಬಳೆ ಮಾತ್ರ ಇವೆ, ತೂಗುವವನು ಬ್ಯಾಂಕಿನ ಅಕ್ಕಸಾಲಿಗ.

ಎರಡನೆಯ ಆಕರ ಹೊಸಪೇಟೆಯೇ. ಕೃಷ್ಣದೇವರಾಯ ಈ ಊರನ್ನು ಕಟ್ಟಿಸಿ ನಾಗಲಾದೇವಿಯ ಗೌರವಕ್ಕೆ ನಾಗಲಾಪುರವೆಂದು ಹೆಸರಿಟ್ಟ. ಆ ನಾಗಲಾದೇವಿ ರಾಯನ ಮಡದಿಯೋ ತಾಯಿಯೋ ಎಂಬ ಬಗ್ಗೆ ಒಮ್ಮತವಿಲ್ಲ. ತಾಯಿಯೇ ಎಂದಾದರೆ, ಹೆತ್ತವಳ ಋಣಕ್ಕೆ ಮಗನೊಬ್ಬ ಇಡೀ ಊರನ್ನೇ ಬರೆದುಕೊಟ್ಟ ಏಕೈಕ ಸ್ಥಳೀಯ ದಾಖಲೆ ಇದು. ಆಮೇಲೆ ಬಂದ ಮಕ್ಕಳು ಮೊಬೈಲ್ ರೀಚಾರ್ಜ್ ಮಾಡಿಸಿಕೊಟ್ಟು ಮುಗಿಸಿದ್ದಾರೆ.

ಮೂರನೆಯದು ಕಂಪ್ಲಿಯ ಕುಮಾರರಾಮನ ಕಥೆ. ಚಿಕ್ಕತಾಯಿಯ ಮಾತು ಕೇಳಿ ಕಂಪಿಲರಾಯ ಮಗನ ತಲೆ ತೆಗೆಯಲು ಅಪ್ಪಣೆ ಕೊಟ್ಟ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸಿದ. ತಂದೆ ಮಗನ ನಡುವೆ ಇಷ್ಟೆಲ್ಲ ನಡೆದರೂ ಕಥೆಯಲ್ಲಿ ಎಲ್ಲಿಯೂ ಫೀಜಿನ ಪ್ರಸ್ತಾಪ ಬರುವುದಿಲ್ಲ. ಆ ಕಾಲದಲ್ಲಿ ಫೀಜು ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲ ಪುರಾವೆ ಬೇಕಿಲ್ಲ.

ಸಂಶಯ

ಶಾಸ್ತ್ರದ ಮೂಲವಾಕ್ಯ ಈ ನಾಲ್ಕೂ ಊರುಗಳಲ್ಲಿ ಪಾಠಾಂತರವಿಲ್ಲದೆ ಸಿಗುತ್ತದೆ: “ಅಪ್ಪಾ, ರೊಕ್ಕ ಹಾಕು, ನಾಳೆ ಲಾಸ್ಟ್ ಡೇಟ್ ಐತಿ.”

ವೈಯಾಕರಣರು ಈ ವಾಕ್ಯವನ್ನು ಬಿಡಿಸಿ ನೋಡಿದ್ದಾರೆ. ಯಾರಿಗೆ ಕೊಡಲಾಗುವುದೋ ಅದು ಸಂಪ್ರದಾನ, ಎಂದರೆ ಮಗ. ಯಾವುದರಿಂದ ಅಗಲಿ ಹೋಗುವುದೋ ಅದು ಅಪಾದಾನ, ಎಂದರೆ ಅಪ್ಪ. ಮರದಿಂದ ಎಲೆ ಬೀಳುತ್ತದೆ, ಅಪ್ಪನಿಂದ ರೊಕ್ಕ ಹೋಗುತ್ತದೆ. ಯಾವುದರ ಮೂಲಕ ಕೆಲಸ ನಡೆಯುವುದೋ ಅದು ಕರಣ. ಆ ಜಾಗದಲ್ಲಿ ಇರಬೇಕಾದ ಅವ್ವ ವಾಕ್ಯದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಅಧ್ಯಾಹಾರ ಮಾಡಿಕೊಳ್ಳಬೇಕು. ಇನ್ನು ಕರ್ತೃ ಯಾರು, ನಿಜವಾಗಿ ಫೀಜು ಕಟ್ಟುವವರು ಯಾರು? ಸಂಶಯ ಹುಟ್ಟುವುದು ಇಲ್ಲಿ. ಈ ಬಗ್ಗೆ ನಾಲ್ಕು ಸಂಪ್ರದಾಯಗಳಿವೆ.

ಕಂಪ್ಲಿಯದು ಕಾಲುವೆ ಸಂಪ್ರದಾಯ. ಇದರ ಪ್ರಕಾರ ಫೀಜು ಕಟ್ಟುವುದು ತುಂಗಭದ್ರೆ. 1953ರಲ್ಲಿ ಅಣೆಕಟ್ಟೆ ಮುಗಿದ ಮೇಲೆ ಇಲ್ಲಿ ಭತ್ತದ ಲೆಕ್ಕದಲ್ಲಿಯೇ ಬದುಕು ನಡೆದಿದೆ. ತೊಡಕು ಪಂಚಾಂಗದ್ದು. ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈನಲ್ಲಿ. ನಾಟಿ, ಗೊಬ್ಬರ, ಆಳಿನ ಕೂಲಿ ಎಂದು ಮನೆಯ ರೊಕ್ಕವೆಲ್ಲ ಗದ್ದೆಯ ಕೆಸರಿಗೆ ಇಳಿದ ವಾರದಲ್ಲಿಯೇ ಕಾಲೇಜಿನ ಎಸ್ಸೆಮ್ಮೆಸ್ ಬರುತ್ತದೆ. ಭತ್ತ ರೊಕ್ಕವಾಗುವುದು ಡಿಸೆಂಬರಿನ ಹೊತ್ತಿಗೆ. ನಡುವಿನ ಆರು ತಿಂಗಳನ್ನು ತುಂಬುವವನು ಅಡತಿ ಅಂಗಡಿಯವನು. ಬೀಜಕ್ಕೂ ಬಿ.ಇ.ಗೂ ಅವನ ವಹಿಯಲ್ಲಿ ಒಂದೇ ಪುಟ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ನೀರು ಹರಿದುಹೋದಾಗ ಗದ್ದೆಯವರು ಎದೆ ಹಿಡಿದುಕೊಂಡರು. ಹರಿದದ್ದರಲ್ಲಿ ಒಂದು ಸೆಮಿಸ್ಟರ್ ಕೂಡ ಇತ್ತೆಂಬುದು ಈ ಸಂಪ್ರದಾಯದ ಭಾಷ್ಯ. ಕಬ್ಬು ಹಾಕಿದವರ ಪಾಡು ಬೇರೆ: ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕಬ್ಬು ದೂರ ಹೋಗುತ್ತದೆ, ಬಿಲ್ಲು ಅದಕ್ಕಿಂತ ನಿಧಾನವಾಗಿ ಹಿಂದಿರುಗುತ್ತದೆ.

ಸಂಡೂರಿನದು ಗುಡ್ಡ ಸಂಪ್ರದಾಯ. ಇಲ್ಲಿ ಅದಿರು ಗುಡ್ಡವೇ ತಂದೆ. ಲೋಹಕ್ಕೆ ಬೆಲೆ ಬಂದ ಕಾಲದಲ್ಲಿ ಲಾರಿ ಕೊಂಡವರ ಮಕ್ಕಳು ಸೀದಾ ಬೆಂಗಳೂರಿಗೆ ಹೋದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಅಂಗಳದಲ್ಲಿ ನಿಂತಿತು. ಲಾರಿಯ ಕಂತು, ಕಾಲೇಜಿನ ಕಂತು ಎರಡೂ ನಿಲ್ಲಲಿಲ್ಲ. 2015ರ ಕಾನೂನು ತಿದ್ದುಪಡಿಯಿಂದ ಗುಡ್ಡದ ಪಿತೃತ್ವಕ್ಕೆ ಅಧಿಕೃತ ಮುದ್ರೆ ಬಿದ್ದಿದೆ: ಹಳೆಯ ಗುತ್ತಿಗೆಯ ಗಣಿಯಾದರೆ ರಾಜಧನದ ಶೇ. 30, ಹರಾಜಿನದಾದರೆ ಶೇ. 10ರಷ್ಟು ಮೊತ್ತವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಅದು ಗಣಿಬಾಧಿತರಿಗೆ ಖರ್ಚಾಗಬೇಕಾದ ಹಣ, ಶಿಕ್ಷಣ ಆದ್ಯತೆಯ ಪಟ್ಟಿಯಲ್ಲಿದೆ. ಪ್ರಪಂಚದಲ್ಲಿ ಇಷ್ಟು ಶೇಕಡಾ ಎಂದು ಬರೆದುಕೊಟ್ಟ ತಂದೆ ಇವನೊಬ್ಬನೇ.

ಇದೇ ಸಂಡೂರಿನಲ್ಲಿ ಗುಡ್ಡಕ್ಕಿಂತ ಹೆಚ್ಚು ನಂಬಿಕೆಯ ಆಸರೆಯೊಂದಿದೆ: ಸೂಜಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಗಿನ್ನೆಸ್‌ನವರು ವಸ್ತುಗಳನ್ನು ಎಣಿಸಿದರು. ಆ ಹೊಲಿಗೆಯಿಂದ ಎಷ್ಟು ಮನೆಗಳ ಫೀಜು ಹೊರಟಿತೆಂದು ಎಣಿಸುವುದು ಅವರ ಕೆಲಸವಲ್ಲ, ಶುಲ್ಕಮೀಮಾಂಸಕರದು. ಅವರು ಇನ್ನೂ ತೊಡಗಿಲ್ಲ.

ಹಂಪಿಯದು ಪ್ರವಾಸಿ ಸಂಪ್ರದಾಯ. ಪ್ರವಾಸಿ ಬರುವುದು ಚಳಿಗಾಲದಲ್ಲಿ, ಫೀಜು ಬರುವುದು ಮಳೆಗಾಲದಲ್ಲಿ. ಎರಡಕ್ಕೂ ಭೇಟಿಯಾಗಿದ್ದೇ ಇಲ್ಲ. ಹರಿಗೋಲು, ಆಟೊ, ಎಳನೀರಿನ ಗಾಡಿಗಳ ಗಳಿಕೆ ಹೊಳೆ ಏರಿದರೆ ಇಳಿಯುತ್ತದೆ. ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ-ಮನೆಗಳನ್ನು ತೆರವು ಮಾಡಿದ್ದೂ 2011ರ ಜುಲೈನಲ್ಲಿಯೇ, ಸಂಡೂರಿನ ಲಾರಿ ನಿಂತ ಅದೇ ತಿಂಗಳು. ಹೊಳೆಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳು ನೆಲಸಮವಾದದ್ದು 2020ರ ಮಾರ್ಚಿನಲ್ಲಿ, ಹಿಂದೆಯೇ ಕೊರೊನಾ ಬಂತು. ಹಾಳು ಹಂಪೆಯನ್ನು ನೋಡಲು ಟಿಕೆಟ್ ಉಂಟು, ಹಂಪೆಯಲ್ಲಿ ಹಾಳಾದವರನ್ನು ನೋಡಲು ಯಾವ ಟಿಕೆಟ್ಟೂ ಇಲ್ಲ.

ಹೊಸಪೇಟೆಯದು ರೈಲು ಸಂಪ್ರದಾಯ. ಊರಿನಲ್ಲಿಯೇ 1997ರಿಂದ ಇಂಜಿನಿಯರಿಂಗ್ ಕಾಲೇಜಿದೆ, ಕೂಗಳತೆಯಲ್ಲಿ 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವಿದೆ. ಆದರೂ ರಾತ್ರಿ ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ನಿಲ್ಲುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುಂಬ ಬೆನ್ನಚೀಲ, ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಲ್ಲಿನ ಆಚಾರ್ಯರ ಮುಖ್ಯ ಕೊಡುಗೆ ಒಂದು ಅಕ್ಷರವ್ಯತ್ಯಾಸದ ಸಿದ್ಧಾಂತ: ಫೀಜು ಮುಗಿಯಿತೆಂದು ಉಸಿರು ಬಿಟ್ಟವನಿಗೆ ಪೀಜಿ ಕಾದಿರುತ್ತದೆ. ಫೀಜು ವರ್ಷಕ್ಕೊಮ್ಮೆ, ಪೀಜಿ ಬಾಡಿಗೆ ತಿಂಗಳಿಗೊಮ್ಮೆ.

ಪೂರ್ವಪಕ್ಷ

ಹೆತ್ತವರು ಕಟ್ಟಬೇಕಾಗಿಲ್ಲ ಎನ್ನುವವರ ವಾದ ಹೀಗಿದೆ. 1875ರ ಕಾಯ್ದೆಯ ಪ್ರಕಾರ 18 ತುಂಬಿದವನು ಪ್ರಾಪ್ತವಯಸ್ಕ. ವೋಟು ಹಾಕಬಲ್ಲವನು ಫೀಜನ್ನೂ ಹಾಕಿಕೊಳ್ಳಲಿ. ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಾಸಾಗಲಿಲ್ಲವೇ? ನಮ್ಮ ಹಿಂದಿನ ತಲೆಮಾರಿನವರು ವಾರಾನ್ನ ಉಂಡು, ಮಠಗಳ ಪ್ರಸಾದನಿಲಯಗಳಲ್ಲಿ ಮಲಗಿ, ಬೀದಿದೀಪದಲ್ಲಿ ಓದಲಿಲ್ಲವೇ?

ಈ ವಾದ ಮಂಡಿಸುವವರು ಹೆಚ್ಚಾಗಿ ಮಕ್ಕಳ ಓದು ಮುಗಿದು ನಿವೃತ್ತರಾದವರು, ಮಂಡಿಸುವ ಸ್ಥಳ ಬಸ್‌ಸ್ಟ್ಯಾಂಡ್ ಹತ್ತಿರದ ಒಗ್ಗರಣೆ-ಮಿರ್ಚಿ ಹೋಟೆಲು. ವಾರಾನ್ನ ಎಂದರೆ ಏಳು ಮನೆಯ ತಾಯಂದಿರು ವಾರಕ್ಕೊಂದು ದಿನ ಹಾಕುತ್ತಿದ್ದ ಊಟ. ಅಲ್ಲಿಯೂ ಖರ್ಚು ಹೆತ್ತವರದೇ, ಹೆತ್ತವರು ಮಾತ್ರ ಬೇರೆಯವರು. ಇದನ್ನು ಪೂರ್ವಪಕ್ಷಿಗಳು ಗಮನಿಸಿಲ್ಲ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ ಎಂಬ ಉದಾಹರಣೆಯನ್ನೂ ಅವರು ಕೊಡುತ್ತಾರೆ. ಅದೇ ದೇಶದ ಸಿವಿಲ್ ಕಾನೂನು ಮಕ್ಕಳ ಮೊದಲ ವೃತ್ತಿಶಿಕ್ಷಣದ ಖರ್ಚನ್ನು ಹೆತ್ತವರ ಹೊಣೆಗೆ ಹಾಕಿದೆ ಎಂಬುದನ್ನು ಎರಡನೆಯ ಮಿರ್ಚಿಯ ಜೊತೆ ನುಂಗಿಬಿಡುತ್ತಾರೆ.

ಉತ್ತರಪಕ್ಷ

ಕಾನೂನು ಈ ಚರ್ಚೆಯನ್ನು ಅರ್ಧಕ್ಕರ್ಧ ಮುಗಿಸಿಬಿಟ್ಟಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಜೀವನಾಂಶದ ಅರ್ಥದಲ್ಲಿಯೇ ಅನ್ನ, ಬಟ್ಟೆ, ವಸತಿಗಳ ಜೊತೆ ವಿದ್ಯೆಯನ್ನೂ ಸೇರಿಸಿತು. ಕರ್ನಾಟಕದಿಂದ ಹೋದ ಜೀವನಾಂಶದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ಮಗನಿಗೆ 18 ಆಯಿತೆಂದು ತಂದೆ ಕೈತೊಳೆದುಕೊಳ್ಳುವಂತಿಲ್ಲ, ಮೊದಲ ಪದವಿ ಮುಗಿಯುವವರೆಗೆ ಕೊಡಬೇಕು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಓದಿನ ಖರ್ಚನ್ನು ಹೆತ್ತವರಿಂದ ಪಡೆಯುವುದು ಮಗಳ ಕಾನೂನುಬದ್ಧ ಹಕ್ಕು ಎಂದೂ ಹೇಳಿತು.

ಎಷ್ಟು ಕೊಡಬೇಕು ಎಂಬುದು ಬೇರೆ ಅಧ್ಯಾಯ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿಯೇ ಕಾಯ್ದೆ ಮಾಡಿತು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಬೋಧನಾ ಶುಲ್ಕ ಮೂರು ಬಗೆಯದಾಗಿತ್ತು: ಸರ್ಕಾರಿ ಸೀಟಿಗೆ 2,000, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಅಷ್ಟು ಕಟ್ಟಲು ತನ್ನಿಂದಾಗದೆಂದು ಒಬ್ಬ ತಂದೆ ಹೇಳಿದ ಮಾತಿನಿಂದ ಹುಟ್ಟಿದ್ದೇ ಕ್ಯಾಪಿಟೇಶನ್ ಶುಲ್ಕ ಸಲ್ಲದೆಂದ ಸುಪ್ರೀಂ ಕೋರ್ಟಿನ 1992ರ ಮೋಹಿನಿ ಜೈನ್ ತೀರ್ಪು. ಅದಾದ ಎರಡು ವರ್ಷಕ್ಕೆ ಸಿಇಟಿ ಬಂತು. “ಆಗಂಗಿಲ್ಲ” ಎಂದು ತಂದೆಯೊಬ್ಬ ಬಾಯಿಬಿಟ್ಟು ಹೇಳಿದ್ದಕ್ಕೆ ಇಷ್ಟು ಫಲ ಸಿಕ್ಕ ಇನ್ನೊಂದು ಉದಾಹರಣೆ ನ್ಯಾಯಶಾಸ್ತ್ರದಲ್ಲಿ ವಿರಳ. ನಮ್ಮ ಕಡೆಯ ತಂದೆ ಹಾಗೆ ಹೇಳುವುದಿಲ್ಲ. “ನೋಡೂಣಂತ” ಎನ್ನುತ್ತಾನೆ, ಮರುದಿನ ಅಡತಿ ಅಂಗಡಿಗೆ ಹೋಗುತ್ತಾನೆ.

ಸರ್ಕಾರವೂ ಕೈ ಸೇರಿಸಿದೆ. 2001ರ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಹೆತ್ತವರ ಸಹಿ ಸಾಕು. ಮಗ ಸಾಲಗಾರ, ಅಪ್ಪ ಸಹಸಾಲಗಾರ. 2021ರ ರೈತ ವಿದ್ಯಾನಿಧಿಯಲ್ಲಿ ಎಂಬಿಬಿಎಸ್, ಬಿ.ಇ. ಓದುವ ರೈತನ ಮಗನಿಗೆ ವರ್ಷಕ್ಕೆ 10,000, ಮಗಳಿಗೆ 11,000 ಎಂದು ಗೊತ್ತುಮಾಡಲಾಗಿತ್ತು. ಹಳೆಯ ಪದ್ಧತಿಯ ಆದಾಯ ತೆರಿಗೆಯಲ್ಲಿ ಎರಡು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ; ಮೂರನೆಯ ಮಗುವೂ ಓದುತ್ತಿದೆ ಎಂಬ ಸುದ್ದಿ ಇಲಾಖೆಗೆ ತಲುಪಿಲ್ಲ. ಪದವಿ ಮುಗಿದು ಕೆಲಸ ಸಿಗದವರಿಗೆ ಯುವನಿಧಿ ತಿಂಗಳಿಗೆ 3,000 ಕೊಡುತ್ತದೆ, ಎರಡು ವರ್ಷಕ್ಕೆ ಹೆಚ್ಚೆಂದರೆ 72,000. ಫೀಜು ವಾಪಸಾತಿ ಯೋಜನೆ ಎಂದು ಅದನ್ನು ತಪ್ಪಾಗಿ ಓದಿಕೊಂಡ ತಂದೆಯರಿಗೆ ಶಾಸ್ತ್ರ ಹೊಣೆಯಲ್ಲ.

ಇನ್ನು ಹಿಂದಿರುಗಿಸುವ ಮಾತು. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡ ಮಗ ಮಾತು ತಪ್ಪಿದರೆ ಅದನ್ನು ರದ್ದು ಮಾಡಿಸಬಹುದು. ಹೊಲ ಕೊಟ್ಟ ಅಪ್ಪನಿಗೆ ಹೊಲ ಮರಳಿ ಬರಬಹುದು. ಹೊಲ ಮಾರಿ ಬಿ.ಇ. ಓದಿಸಿದ ಅಪ್ಪ ಬಿ.ಇ.ಯನ್ನು ವಾಪಸ್ ಪಡೆಯುವ ಕಲಮು ಅದರಲ್ಲಿಲ್ಲ.

ಈಗ ಮೊದಲಿನ ಸಂಶಯಕ್ಕೆ ಮರಳಬೇಕು: ಕರ್ತೃ ಯಾರು? ಸಾಲದ ಅರ್ಜಿಯ ಮೇಲೆ ಅಪ್ಪನ ಸಹಿ ಇದೆ. ಕೆಳಗೆ ಅಗೆದು ನೋಡಿದರೆ ಅವ್ವನ ಸ್ತ್ರೀಶಕ್ತಿ ಸಂಘದ ಸಾಲವಿದೆ, ಕೂಡಿಟ್ಟ ಗೃಹಲಕ್ಷ್ಮಿಯ ಎರಡೆರಡು ಸಾವಿರವಿದೆ, ಬ್ಯಾಂಕಿನಲ್ಲಿ ಮಲಗಿದ ಬಳೆಗಳಿವೆ. ಇನ್ನೂ ಕೆಳಗೆ, “ಅಕಿದು ಪಿಯುಸಿ ಆತಲ್ಲ, ಸಾಕು” ಎಂದು ನಿಲ್ಲಿಸಿದ ಅಕ್ಕನ ಓದಿದೆ. ಹಂಪಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಒಂದಕ್ಕೊಂದು ಆತು ನಿಂತ ಎರಡು ಬಂಡೆಗಳಿಗೆ ಅಕ್ಕ-ತಂಗಿ ಗುಡ್ಡವೆಂದು ಹೆಸರು. ಹಂಪಿಯನ್ನು ಹೀಯಾಳಿಸಿದ್ದಕ್ಕೆ ಕಲ್ಲಾದರು ಎನ್ನುವುದು ಐತಿಹ್ಯ. ಒಂದು ಬಂಡೆಯ ಭಾಗ ಒಡೆದು ಬಿದ್ದಿದೆ. ತಮ್ಮನ ಸೆಮಿಸ್ಟರಿಗೆ ಆಸರೆ ಕೊಟ್ಟು ನಿಂತವರೆಂಬ ಹೊಸ ವ್ಯಾಖ್ಯಾನಕ್ಕೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕಿಲ್ಲ.

ನಿರ್ಣಯ

ಒಂದು: ಹೆತ್ತವರು ಮೊದಲ ಪದವಿಯವರೆಗೆ ಕೊಡತಕ್ಕದ್ದು, ಮಗನಿಗೂ ಮಗಳಿಗೂ ಒಂದೇ ಅಳತೆಯಲ್ಲಿ. 2023ರ ಜೂನ್ 11ರಿಂದ ಮಗಳ ಸರ್ಕಾರಿ ಬಸ್ಸಿಗೆ ರೊಕ್ಕ ಬೇಡವಾಗಿದೆ, ಅಕ್ಕನನ್ನು ಪಿಯುಸಿಗೆ ನಿಲ್ಲಿಸಲು ಬಸ್ಸಿನ ನೆಪವೂ ಉಳಿದಿಲ್ಲ.

ಎರಡು: ಆಗದಿದ್ದರೆ ಅಪ್ಪ “ಆಗಂಗಿಲ್ಲ” ಎಂದು ಬಾಯಿಬಿಟ್ಟು ಹೇಳತಕ್ಕದ್ದು, ಸಿಇಟಿಯ ಆಪ್ಶನ್ ತುಂಬುವ ಮೊದಲೇ.

ಮೂರು: ಫೀಜನ್ನು ಡಿಸೆಂಬರಿನಲ್ಲಿಯೂ ಕಟ್ಟಲು ಬಿಡತಕ್ಕದ್ದು. ಭತ್ತಕ್ಕೆ ಜುಲೈ ಗೊತ್ತಿಲ್ಲ.

ನಾಲ್ಕು: ಮುಂದಿನ ಸಲ ಫೋನು ಮಾಡಿದಾಗ ಮಗ, ರೊಕ್ಕ ಎಲ್ಲಿಂದ ಬಂತು ಎಂದು ಕೇಳತಕ್ಕದ್ದು. “ನಿನಗ್ಯಾಕ ಬೇಕೋ ಅದು, ಓದಕಾ” ಎಂದು ಅಪ್ಪ ಗದರಿಸುತ್ತಾನೆ. ಆಗ ಫೋನನ್ನು ಅವ್ವನ ಕೈಗೆ ಕೊಡಲು ಹೇಳತಕ್ಕದ್ದು.