ಬಹುವಚನದ ವಿಯೋಗ

34 ವರ್ಷಗಳ ಕಾಲ ಪ್ರೌಢಶಾಲೆಯ ಬಾಲಕರಿಗೆ ಸಂಧಿಸಮಾಸಗಳನ್ನು ಬೋಧಿಸಿ, ಅರವತ್ತು ತುಂಬಿದ ತಿಂಗಳು ಗಂಧದ ಹಾರ, ಶಾಲು, ಗೋಡೆಗಡಿಯಾರಗಳೊಡನೆ ಮನೆ ಸೇರಿದ ಮೇಷ್ಟ್ರು ಮುಂದೇನು ಮಾಡತಕ್ಕದ್ದೆಂಬುದನ್ನು ನಮ್ಮ ಹಾಸನದ ಹಿರಿಯರು ಮೊದಲೇ ನಿರ್ಣಯಿಸಿಟ್ಟಿದ್ದರು: ಪ್ರಾತಃಕಾಲ ವಾಯುವಿಹಾರ, ಸಾಯಂಕಾಲ ಪ್ರವಚನ, ನಡುವೆ ಸಕ್ಕರೆ ಕಾಯಿಲೆಯ ಕುರಿತು ಸತ್ಸಂಗ. ಇವೆಲ್ಲವನ್ನೂ ಬಿಟ್ಟು ನಾನು ಲಾರಿ ಹತ್ತಿದೆನು. ಏಕೆಂದು ಕೇಳಿದವರಿಗೆ, ಭಗವಂತನೇ ಸಾರಥಿಯಾಗಿರಲಿಲ್ಲವೇ ಎಂದು ಗಂಭೀರವಾಗಿ ಉತ್ತರಿಸುತ್ತಿದ್ದೆನಾದರೂ, ನಿಜವಾದ ಕಾರಣವೆಂದರೆ ಬಾಲ್ಯದಲ್ಲಿ ಲಾರಿಯೊಂದರ ಹಾರ್ನಿನ ರಬ್ಬರು ಬುರುಡೆಯನ್ನು ಹಿಚುಕಹೋಗಿ ಕಪಾಳಕ್ಕೆ ತಿಂದಿದ್ದ ಏಟು. ಅರ್ಧ ಶತಮಾನ ಕಾದು ಮೇಲೆ ಹತ್ತಿ ನೋಡಿದರೆ, ಈಗ ಬುರುಡೆಯೇ ಇಲ್ಲ, ಗುಂಡಿ!

ಲೈಸೆನ್ಸಿನ ಪುರಾಣವನ್ನು ಬೆಳೆಸುವುದಿಲ್ಲ. 25 ಮೀಟರು ದೂರದ ನಂಬರು ಫಲಕವನ್ನು ಓದಿದೆನು, ಕೆಂಪು ಹಸಿರುಗಳ ಭೇದವನ್ನು ಒಪ್ಪಿಸಿದೆನು. ಇಂತಹ ವಾಹನ ನಡೆಸುವವನು ಎಂಟನೆಯ ತರಗತಿಯನ್ನಾದರೂ ದಾಟಿರಬೇಕೆಂಬ ನಿಯಮವನ್ನು ಸರ್ಕಾರವು 2019ರಲ್ಲಿ ತೆಗೆದುಹಾಕಿದ್ದರಿಂದ, ನನ್ನ ಎಂ.ಎ. ಪದವಿಯು ಅಲ್ಲಿಯೂ ನಿಷ್ಪ್ರಯೋಜಕವಾಯಿತು.

ಬೆಳೆಸತಕ್ಕದ್ದು ಪೂಜೆಯ ದಿನದ ಪ್ರಸಂಗ. ಭಾವಮೈದುನನ ಆರು ಚಕ್ರದ ಹಳೆಯ ಲಾರಿಗೆ ಸೇವಂತಿಗೆಯ ಹಾರವನ್ನು ಇಳಿಬಿಟ್ಟು, ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು, ಅರ್ಚಕರು “ಹೊರಡಿ ಮೇಷ್ಟ್ರೇ” ಎಂದರು. ಮೇಷ್ಟ್ರಾದವನ ಜೀವಮಾನದ ಗಳಿಕೆಯೆಂದರೆ ಪಿಂಚಣಿಯಲ್ಲ, ಈ ಬಹುವಚನ. ಆ ಕ್ಷಣದವರೆಗೂ ಅದು ಕ್ಷೇಮವಾಗಿತ್ತು. ಗೇರಿನ ಗುಬುಟಿನ ಮೇಲಿದ್ದ ನಕ್ಷೆಯು ಹಿಂದಿನ ಚಾಲಕರ ಅಂಗೈಗಳಲ್ಲಿ ಸವೆಸವೆದು, ಮಳೆಗೆ ನಿಂತ ವೀರಗಲ್ಲಿನ ಅಕ್ಷರಗಳಂತೆ ಮಾಸಿದ್ದುದರಿಂದ, ನಾನು ಊಹಾಪಾಠವನ್ನಾಶ್ರಯಿಸಿ ಕ್ಲಚ್ಚನ್ನು ಬಿಡಲು, ಲಾರಿಯು ನಾಲ್ಕು ನಿಂಬೆಹಣ್ಣುಗಳಿಗೆ ಬೆದರಿದ ಪಟ್ಟದಾನೆಯಂತೆ, ಹಾರಸಮೇತವಾಗಿ, ಸವಿನಯವಾಗಿ, ಹಿಂದುಹಿಂದಕ್ಕೆ ಸರಿಯತೊಡಗಿತು. ಹಿಂದೆ ನಿಂತಿದ್ದುದು ಅರ್ಚಕರ ಸ್ಕೂಟರು. ಅದಕ್ಕೆ ಗುದ್ದಿತೆಂದರೆ ಲಾರಿಗೆ ಅನ್ಯಾಯ ಮಾಡಿದಂತಾದೀತು. ನಿದ್ದೆ ಹತ್ತಿದ ಕೂಸನ್ನು ಚಾಪೆಯ ಮೇಲೆ ಮಲಗಿಸುವಂತೆ ಮಲಗಿಸಿತು. ಮಂತ್ರ ನಿಂತಿತು. ಅನಂತರ ಅದೇ ಪವಿತ್ರ ಮುಖದಿಂದ “ಲೇ, ಬ್ರೇಕು ಒತ್ತೋ!” ಎಂಬ ಉದ್ಗಾರ ಹೊರಟಿತು. ಕ್ಲೀನರ್ ಹುಡುಗನು ಹಣ್ಣುಗಳನ್ನು ಆಯ್ದು ತಂದು ಲಾರಿಯ ನೂತನ ಸನ್ನಿಧಿಯಲ್ಲಿ ಪುನಃ ಪ್ರತಿಷ್ಠಾಪಿಸಿದನು. ಎರಡನೆಯ ಯತ್ನದಲ್ಲಿ ಎಂಜಿನ್ನು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಮೂರನೆಯದರಲ್ಲಿ ಮೂರು ಹಣ್ಣುಗಳು ಅಪ್ಪಚ್ಚಿಯಾಗಿ, ನಾಲ್ಕನೆಯದು ಪುಟಿದು ತುಳಸಿಕಟ್ಟೆಯ ಮರೆ ಸೇರಿತು. ಏನನ್ನೂ ವ್ಯರ್ಥಮಾಡದ ನನ್ನ ಹೆಂಡತಿ ಮಧ್ಯಾಹ್ನ ಅದನ್ನು ಚಿತ್ರಾನ್ನಕ್ಕೆ ಹಿಂಡಿದಳು.

ಕೆಲವು ತಿಂಗಳ ಅಭ್ಯಾಸದ ಮೇಲೆ 10 ಟನ್ನು ಕಾಫಿಬೀಜ ಹೇರಿಕೊಂಡು ಮಂಗಳೂರಿಗೆ ಹೊರಟೆನು. ಘಟ್ಟವನ್ನು ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಚಾಲಕರ ಸ್ಮೃತಿವಾಕ್ಯ. ಶಿರಾಡಿಯಲ್ಲಿ ಅದನ್ನು ನಾನು ಎಂತಹ ನಿಷ್ಠೆಯಿಂದ ಪಾಲಿಸಿದೆನೆಂದರೆ, ಗುಂಡ್ಯ ಬರುವಷ್ಟರಲ್ಲಿ ನನ್ನ ಬೆನ್ನಿಗೆ ಮಂತ್ರಿಗಳಿಗೂ ಒದಗದಷ್ಟು ದೊಡ್ಡ ಮೆರವಣಿಗೆ ನೆರೆದಿತ್ತು.

ಮಂಗಳೂರಿನ ಗೋದಾಮಿನ ಬಾಗಿಲಲ್ಲಿ ಮಗನ ವಯಸ್ಸಿನ ಗುಮಾಸ್ತನೊಬ್ಬನು ತಲೆಯೆತ್ತದೆ, “ಏ ಡ್ರೈವರ್, ಅಲ್ಲೇ ನಿಲ್ಲು” ಎಂದನು. ಏಳು ಗಂಟೆಗಳ ಕಾಲ ನಿಂತೆವು. ನೆರಳಿಲ್ಲ, ಶೌಚಾಲಯವಿತ್ತು, ಅದರ ಬೀಗದ ಕೈ ಸಿಬ್ಬಂದಿಗೆ ಮಾತ್ರ. ನನಗೆ ಸಿಟ್ಟು ನೆತ್ತಿಗೇರಿತು. ಅವನಿಗೆ ಮಧ್ಯಮಪುರುಷ ಬಹುವಚನವನ್ನು ಸೋದಾಹರಣವಾಗಿ ಕಲಿಸಿಬಿಡೋಣವೆಂದು ಮೆಟ್ಟಿಲನ್ನೂ ಇಳಿದೆನು. ಆದರೆ ನಮ್ಮ ಶಾಲೆಯ ಪ್ರವಾಸದ ಬಸ್ಸುಗಳು ನೆನಪಿಗೆ ಬಂದವು. ಮಕ್ಕಳಿಗೆ ಮೊದಲು ಊಟ, ಆಮೇಲೆ ಉಪಾಧ್ಯಾಯರಿಗೆ, ಉಳಿದರೆ ಚಾಲಕನಿಗೆ; “ನೀನು ಬಸ್ಸಿನಲ್ಲೇ ಮಲಗಪ್ಪ” ಎಂದು ಹೇಳುತ್ತಿದ್ದವನು ನಾನೇ. ಅಷ್ಟು ವರ್ಷಗಳಲ್ಲಿ ಒಬ್ಬನ ಹೆಸರನ್ನಾದರೂ ಕೇಳಿದ್ದಿಲ್ಲ. ಮತ್ತೆ ಮೇಲೆ ಹತ್ತಿ ಕುಳಿತೆನು.

ಸಂಜೆ ನಮ್ಮ ಸರದಿ ಬಂದಾಗ ಲಾರಿಯನ್ನು ಹಿಮ್ಮುಖವಾಗಿ ಕಟ್ಟೆಗೆ ಹೊಂದಿಸಬೇಕಾಗಿತ್ತು. ಹುಡುಗನು ಹಿಂದೆ ನಿಂತು, ಲಾರಿಯ ಪಕ್ಕೆಯನ್ನು ಅಂಗೈಯಿಂದ ತಟ್ಟುತ್ತ, “ಬರ್ಲಿ, ಬರ್ಲಿ” ಎಂದು ಕೂಗತೊಡಗಿದನು. ಬರಲಿ! ವಿಧ್ಯರ್ಥ, ಪ್ರಥಮಪುರುಷ; ಏಕವಚನಕ್ಕೂ ಬಹುವಚನಕ್ಕೂ, ಮೂರು ಲಿಂಗಗಳಿಗೂ ರೂಪ ಒಂದೇ. ಅವನು ಬರ ಹೇಳಿದ್ದು ಲಾರಿಯನ್ನೋ ನನ್ನನ್ನೋ, ನನ್ನನ್ನಾದರೆ ಮರ್ಯಾದೆಯಿಂದಲೋ ಇಲ್ಲದೆಯೋ, ಪಾಣಿನಿಯೇ ಪಕ್ಕದ ಸೀಟಿನಲ್ಲಿ ಕುಳಿತಿದ್ದರೂ ಹೇಳಬಲ್ಲವನಾಗಿರಲಿಲ್ಲ. 34 ವರ್ಷ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ರೂಪದಲ್ಲಿ ಇಂತಹ ಔದಾರ್ಯವಿತ್ತೆಂದು ಪುಲಕಿತನಾಗಿ ನಾನು ಹಿಂದಕ್ಕೆ ಸರಿಯುತ್ತಲೇ ಇದ್ದುದರಿಂದ, ಹುಡುಗನು ಅನಂತರ ಕೂಗಿದ “ಓಲ್ಡಾನ್” ನನಗೆ ಕೇಳಿಸಲಿಲ್ಲ.